ಅರವತ್ತು ಅಡಿ, ನೂರು ಕಿಲೋಮೀಟರು

ನಂದಿಹಡ್ಲು ಎಸ್ಟೇಟ್, ಮೂಡಿಗೆರೆ
12 ಅಕ್ಟೋಬರ್ 2004

ಮಾನ್ಯ ತ್ರಿಪುರಸುಂದರಿ ಟೀಚರ್ ಅವರಿಗೆ,

ನಮಸ್ಕಾರ. ನಾನು ನಿಮ್ಮ ಪರಿಚಯದವಳಲ್ಲ. ಮೂಡಿಗೆರೆಯಿಂದ ಎಂಟು ಮೈಲಿ ಒಳಗೆ ಕಾಫಿ ತೋಟ ನೋಡಿಕೊಂಡಿರುವ ಐವತ್ತಾರು ವರ್ಷದ ಹೆಂಗಸು. ನಮ್ಮ ಯಜಮಾನರು ಹೋಗಿ ಹದಿನಾಲ್ಕು ವರ್ಷವಾಯಿತು. ಅಂದಿನಿಂದ ತೋಟ, ಮೇಸ್ತ್ರಿ, ಮಂಡಿನೋವು ಎಲ್ಲವೂ ನನ್ನ ಪಾಲಿಗೇ ಬಂದಿವೆ.

ಚಿಕ್ಕಮಗಳೂರಿನ ವಾರಪತ್ರಿಕೆಯಲ್ಲಿ ನೀವು ಬರೆಯುವ ವಿಜ್ಞಾನದ ಅಂಕಣವನ್ನು ಬಿಡದೆ ಓದುತ್ತೇನೆ. ಅರ್ಧ ಅರ್ಥವಾಗುತ್ತದೆ, ಉಳಿದರ್ಧಕ್ಕೆ ತಲೆ ಆಡಿಸುತ್ತೇನೆ. ಈ ವಾರ ಹಾಗೆ ಬಿಡಲು ಮನಸ್ಸಾಗಲಿಲ್ಲ. ಅಮೆರಿಕದಲ್ಲಿ ಖಾಸಗಿಯವರು ಕಟ್ಟಿದ ರಾಕೆಟ್ ವಿಮಾನವೊಂದು ನೂರು ಕಿಲೋಮೀಟರ್ ದಾಟಿ ಮೇಲೆ ಹೋಗಿ ಇಳಿದುಬಂತು, ಇನ್ನು ಕೆಲವು ವರ್ಷಗಳಲ್ಲಿ ಟಿಕೆಟ್ ತೆಗೆದುಕೊಂಡು ಯಾರು ಬೇಕಾದರೂ ಹೋಗಬಹುದು, ಮೇಲೆ ಮೂರು ನಾಲ್ಕು ನಿಮಿಷ ಮೈಗೆ ತೂಕವೇ ಇರುವುದಿಲ್ಲ ಎಂದು ಬರೆದಿದ್ದೀರಿ. ನನ್ನ ಪ್ರಶ್ನೆ ಇಷ್ಟೇ: ತೂಕ ಯಾಕೆ ಇರುವುದಿಲ್ಲ? ಅಲ್ಲಿ ಭೂಮಿಯ ಸೆಳೆತ ಮುಗಿದುಹೋಗುತ್ತದೆಯೇ?

ಉತ್ತರ ಬೇಕೇ ಬೇಕು. ಯಾಕೆಂದರೆ ನಾನು ಹೋಗುವವಳು. ನಗಬೇಡಿ. ನಮ್ಮ ಮೈದುನನ ಮಗ ದರ್ಶನ್‌ನನ್ನು ಮೂಡಿಗೆರೆಯ ಸೈಬರ್ ಸೆಂಟರಿನಲ್ಲಿ ಕೂರಿಸಿ, ಅಂಥದ್ದೊಂದು ಕಂಪನಿಗೆ ಹೆಸರು ಕಳಿಸಿದ್ದಾಗಿದೆ. ಅವನು ಕುರ್ಚಿಯಿಂದ ಬೀಳುವ ಹಾಗೆ ನಕ್ಕ. ನಿಮ್ಮಿಂದ ಅದು ಬೇಡ.

ಇಂತಿ,
ಸಾವಿತ್ರಮ್ಮ


ಕುದುರೆಮುಖ
25 ಅಕ್ಟೋಬರ್ 2004

ಪ್ರಿಯ ಸಾವಿತ್ರಮ್ಮನವರಿಗೆ,

ನಮಸ್ಕಾರ. ನಗಲಿಲ್ಲ. ಕಾಗದ ಹಿಡಿದು ಸ್ಟಾಫ್ ರೂಮಿಗೆ ಓಡಿದೆ. ಈ ಗಣಿ ಊರಿನ ಶಾಲೆಯಲ್ಲಿ ಹದಿನೇಳು ವರ್ಷದಿಂದ ಭೌತಶಾಸ್ತ್ರ ಹೇಳುತ್ತಿದ್ದೇನೆ, ಪರೀಕ್ಷೆಗೆ ಬರುತ್ತಾ ಬರಲ್ವಾ ಎಂದು ಕೇಳದೆ ಯಾರಾದರೂ ಪ್ರಶ್ನೆ ಕೇಳಿದ್ದು ಇದೇ ಮೊದಲು.

ಸೆಳೆತ ಮುಗಿಯುವುದಿಲ್ಲ. ಇಲ್ಲಿ ನೂರು ಪಾಲು ಇದ್ದರೆ ನೂರು ಕಿಲೋಮೀಟರ್ ಮೇಲೆಯೂ ತೊಂಬತ್ತೇಳು ಪಾಲು ಇದೆ! ಹಾಗಾದರೆ ತೂಕ ಎಲ್ಲಿ ಹೋಯಿತು? ತೂಕ ಎಂದು ನಮಗೆ ಗೊತ್ತಾಗುವುದು ಭೂಮಿಯ ಎಳೆತವಲ್ಲ, ನೆಲ ನಮ್ಮನ್ನು ತಡೆದು ಹಿಡಿಯುವುದು. ಕುರ್ಚಿ ಬೆನ್ನಿಗೆ ಒತ್ತುತ್ತದೆ, ನೆಲ ಪಾದಕ್ಕೆ ಒತ್ತುತ್ತದೆ, ನಿಮ್ಮ ಮಂಡಿ ನೋಯುವುದೂ ಅದಕ್ಕೇ. ಆ ವಿಮಾನ ಭೂಮಿಯನ್ನು ಸುತ್ತುವುದಿಲ್ಲ. ಎಸೆದ ಕಲ್ಲಿನ ಹಾಗೆ ಮೇಲೆ ಹೋಗಿ ಕೆಳಗೆ ಬರುತ್ತದೆ. ಎಂಜಿನ್ ನಿಂತ ಗಳಿಗೆಯಿಂದ ವಿಮಾನ, ಕುರ್ಚಿ, ನೀವು, ನಿಮ್ಮ ಬಳೆ ಎಲ್ಲವೂ ಒಟ್ಟಿಗೆ ಬೀಳುತ್ತಿರುತ್ತವೆ. ಒಟ್ಟಿಗೆ ಬೀಳುವಾಗ ಯಾರು ಯಾರನ್ನು ತಡೆಯಬೇಕು? ಅಷ್ಟೇ ಗುಟ್ಟು. ತೂಕವಿಲ್ಲದಿರುವುದು ಎಂದರೆ ಬೀಳುವುದು.

ಅದಕ್ಕೆ ರಾಕೆಟ್ಟೇ ಬೇಕೆಂದಿಲ್ಲ. ನಿಮ್ಮ ತೋಟದಲ್ಲಿ ಮರ ಹತ್ತಿದವನು ಕೈ ತಪ್ಪಿ ಬಿದ್ದ ಎಂದಿಟ್ಟುಕೊಳ್ಳಿ. ನೆಲ ಮುಟ್ಟುವವರೆಗೆ ಅವನಿಗೆ ತೂಕವೇ ಇಲ್ಲ, ಅವನ ಸೊಂಟದ ಕತ್ತಿಗೂ ಇಲ್ಲ. ಅವನೂ ಗಗನಯಾತ್ರಿಯೇ! ತೊಂದರೆ ಇರುವುದು ಬೀಳುವುದರಲ್ಲಲ್ಲ, ನಿಲ್ಲುವುದರಲ್ಲಿ ಎಂದು ನನ್ನ ಮಕ್ಕಳಿಗೆ ಹೇಳಿದರೆ ಕ್ಲಾಸೆಲ್ಲ ಗೊಳ್ಳೆನ್ನುತ್ತದೆ.

ಇನ್ನೂ ಕೇಳಿ. ಕಾಯುತ್ತಿರುತ್ತೇನೆ.

ನಿಮ್ಮ,
ತ್ರಿಪುರಸುಂದರಿ


ಕುದುರೆಮುಖ
22 ಡಿಸೆಂಬರ್ 2004

ಪ್ರಿಯ ಸಾವಿತ್ರಮ್ಮನವರಿಗೆ,

ಎರಡು ತಿಂಗಳಾಯಿತು, ನಿಮ್ಮಿಂದ ಸುದ್ದಿಯಿಲ್ಲ. ಹಣ್ಣು ಕುಯ್ಯುವ ಕಾಲ, ಪುರುಸೊತ್ತಿರಲಿಕ್ಕಿಲ್ಲ. ಅಥವಾ ನನ್ನ ವಿವರಣೆ ಕ್ಲಿಷ್ಟವಾಯಿತೇನೋ. ಬಾಯಿಮಾತಿಗಿಂತ ಕಣ್ಣಾರೆ ನೋಡಿದರೆ ಚೆನ್ನ ಅನಿಸಿ ಒಂದು ಪ್ರಯೋಗ ಹೇಳುತ್ತೇನೆ.

ಸಂಜೆ ಆಳುಗಳು ಕುಯ್ದ ಹಣ್ಣು ತೂಗುತ್ತೀರಲ್ಲ, ಗಡಿಯಾರದ ಮುಖದ ಆ ನೇತಾಡುವ ತಕ್ಕಡಿಗೆ ಒಂದು ಸಣ್ಣ ಮೂಟೆ ಸಿಕ್ಕಿಸಿ. ಗೋದಾಮಿನ ಅಟ್ಟದಿಂದ ಹಗ್ಗದಲ್ಲಿ ಇಳಿಬಿಡಿ. ಕೆಳಗೆ ಖಾಲಿ ಗೋಣಿ ದಪ್ಪಗೆ ಹಾಸಿ. ಮುಳ್ಳು ಹತ್ತೋ ಹನ್ನೆರಡೋ ಕೆ.ಜಿ. ತೋರಿಸುತ್ತಿರುತ್ತದೆ. ಈಗ ಹಗ್ಗ ಬಿಡಿಸಿ, ಬೀಳುವಾಗ ಮುಳ್ಳನ್ನೇ ನೋಡಿ.

ಏನು ಕಂಡಿತೆಂದು ಬರೆಯಿರಿ. ಬೇಸರವಾಗಿದ್ದರೆ ಅದನ್ನೂ ಬರೆಯಿರಿ.

ನಿಮ್ಮ,
ತ್ರಿಪುರಸುಂದರಿ


ನಂದಿಹಡ್ಲು ಎಸ್ಟೇಟ್
16 ಜನವರಿ 2005

ತ್ರಿಪುರಸುಂದರಿ ಟೀಚರಿಗೆ,

ಹೌದು, ಹಣ್ಣಿನ ಗಲಾಟೆ. ಅದಕ್ಕೇ ಬರೆಯಲಾಗಲಿಲ್ಲ ಎಂದುಕೊಳ್ಳಿ.

ಪ್ರಯೋಗ ಮಾಡಿದೆವು. ನಮ್ಮ ಮೇಸ್ತ್ರಿ ರುದ್ರಪ್ಪ, "ಅಮ್ಮೋರೆ, ಇರೋದೊಂದು ತಕ್ಕಡಿ, ಅದನ್ನೂ ಮುರೀಬೇಕಾ?" ಎಂದು ಅರ್ಧ ದಿನ ಗೊಣಗಿದ. ಕೊನೆಗೆ ತಾನೇ ಅಟ್ಟ ಹತ್ತಿ ಹಗ್ಗ ಬಿಟ್ಟ. ಬಿಡುವ ಮುಂಚೆ ಅಭ್ಯಾಸಬಲದಿಂದ "ಪಕ್ಕಕ್ಕೇ!" ಎಂದು ಕೂಗಿದ. ನಮ್ಮಲ್ಲಿ ಮಳೆಗಾಲದ ಮುಂಚೆ ಕಾಫಿಗಿಡದ ಮೇಲಿನ ನೆರಳು ತೆಳು ಮಾಡಲು ದೊಡ್ಡ ಮರಗಳ ಕೊಂಬೆ ಕಡಿಸುತ್ತೇವೆ, ಮರಗಸಿ ಎನ್ನುತ್ತೇವೆ. ಮರಗಸಿಯವರು ಬೆರಳುದಪ್ಪದ ಕೊಂಬೆ ಬೀಳಿಸಿದರೂ ಕೆಳಗಿನವರಿಗೆ ಹಾಗೆ ಕೂಗಿಯೇ ಬೀಳಿಸಬೇಕು. ಕೂಗದವನನ್ನು ಯಾವ ತೋಟಕ್ಕೂ ಸೇರಿಸುವುದಿಲ್ಲ.

ಮುಳ್ಳು ಹನ್ನೆರಡರಿಂದ ಸೊನ್ನೆಗೆ ಬಂತು. ನನ್ನ ಕಣ್ಣಾರೆ ನೋಡಿದೆ. ಆಮೇಲೆ ಧೊಪ್ಪೆಂದು ಬಿದ್ದು ತಕ್ಕಡಿಯ ಗಾಜು ಒಡೆಯಿತು. ರುದ್ರಪ್ಪ ನನ್ನನ್ನು ಮಾತಾಡಿಸುತ್ತಿಲ್ಲ.

ಒಂದು ವಿಷಯ ತಿಳಿಸಿ. ಅರವತ್ತು ಅಡಿಯಿಂದ ಬಿದ್ದರೆ ನೆಲ ಮುಟ್ಟಲು ಎಷ್ಟು ಹೊತ್ತು? ಅಷ್ಟು ಹೊತ್ತಿನಲ್ಲಿ ಮನುಷ್ಯನಿಗೆ ತಾನು ಬೀಳುತ್ತಿದ್ದೇನೆಂದು ಗೊತ್ತಾಗುತ್ತದೆಯೇ?

ಸಾವಿತ್ರಮ್ಮ


ಕುದುರೆಮುಖ
30 ಜನವರಿ 2005

ಪ್ರಿಯ ಸಾವಿತ್ರಮ್ಮನವರಿಗೆ,

ನೀವು ಹೆದರಿದ್ದೀರಿ! ಈಗ ಗೊತ್ತಾಯಿತು, ಯಾಕೆ ಸುಮ್ಮನಾಗಿದ್ದಿರಿ ಎಂದು. ಹೆದರಿಕೆ ತಪ್ಪಲ್ಲ. ಆದರೆ ಅದು ನೆಲಕ್ಕೆ ಬಡಿಯುವ ಬೀಳುವಿಕೆಯಲ್ಲ ಮಾರಾಯರೇ. ಗಾಳಿ ದಟ್ಟವಾಗುತ್ತಾ ಬಂದ ಹಾಗೆ ಅದೇ ಮೆಲ್ಲಗೆ ತಡೆಯುತ್ತದೆ, ಕೊನೆಗೆ ವಿಮಾನ ರೆಕ್ಕೆಯ ಮೇಲೆ ತೇಲಿ ಇಳಿಯುತ್ತದೆ. ಕಷ್ಟವೆಂದರೆ ತಡೆಯುವ ಆ ಒಂದು ನಿಮಿಷದಲ್ಲಿ ನಿಮ್ಮ ಮೈ ಐದಾರು ಪಟ್ಟು ಭಾರವಾಗುತ್ತದೆ. ಅದಕ್ಕೇ ಎದೆ, ಬಿ.ಪಿ. ಎಲ್ಲಾ ಪರೀಕ್ಷೆ ಮಾಡಿಸಿಯೇ ಕಳಿಸುತ್ತಾರೆ.

ಅರವತ್ತು ಅಡಿಗೆ ಲೆಕ್ಕ ಹಾಕಿದೆ: ಎರಡು ಸೆಕೆಂಡಿಗೆ ತುಸು ಕಮ್ಮಿ. ಗೊತ್ತಾಗುತ್ತದೆಯೇ ಎಂದಿರಿ. ಖಂಡಿತ ಗೊತ್ತಾಗುತ್ತದೆ. ಕಳಸದಿಂದ ನಮ್ಮ ಊರು ಸಂಸೆಗೆ ಬರುವ ದಾರಿಯಲ್ಲಿ ಒಂದು ಉಬ್ಬು ಮೋರಿ ಇದೆ. ಜೀಪಿನವನು ಅದರ ಮೇಲೆ ಜೋರಾಗಿ ಹಾರಿಸಿದರೆ ಅರ್ಧ ಸೆಕೆಂಡು ಹೊಟ್ಟೆಯೊಳಗೆ ಗುಳುಕ್ಕೆನ್ನುತ್ತದೆ. ಅಷ್ಟರಲ್ಲೇ ನಮಗೆ ತಿಳಿಯುತ್ತದಲ್ಲ! ಚಿಕ್ಕಂದಿನಲ್ಲಿ ಇನ್ನೊಮ್ಮೆ ಹಾರಿಸು ಎಂದು ಪೀಡಿಸುತ್ತಿದ್ದೆವು.

ಅಂದ ಹಾಗೆ ನೂರು ಕಿಲೋಮೀಟರ್ ಬಿಟ್ಟು ಅರವತ್ತು ಅಡಿ ಯಾಕೆ?

ತ್ರಿಪುರಸುಂದರಿ


ನಂದಿಹಡ್ಲು ಎಸ್ಟೇಟ್
11 ಜೂನ್ 2005

ಟೀಚರೇ,

ಅರವತ್ತು ಅಡಿ ಯಾಕೆ ಎಂದು ಕೇಳಿದ್ದಿರಿ. ಉತ್ತರ ಬರೆಯಲು ನಾಲ್ಕೂವರೆ ತಿಂಗಳು ಬೇಕಾಯಿತು. ಇಂದಿಗೆ ಸರಿಯಾಗಿ ಒಂಬತ್ತು ವರ್ಷ.

ನಮ್ಮಲ್ಲಿ ಬೆಳ್ಳಿಯಪ್ಪ ಎಂಬ ಮರಗಸಿಯವನಿದ್ದ. ಈ ಸೀಮೆಯಲ್ಲೇ ಅವನಂಥವನಿರಲಿಲ್ಲ. 1996ರ ಜೂನ್‌ನಲ್ಲಿ ಮಳೆ ಹಿಡಿದ ಮೇಲೂ ಅರವತ್ತು ಅಡಿಯ ಒಂದು ನಂದಿ ಮರ ಬಾಕಿ ಉಳಿದಿತ್ತು. ಉಳಿದವರೆಲ್ಲ ಊಟಕ್ಕೆ ಹೋಗಿದ್ದರು. ಅವನು, "ಮರ ಪೂರ್ತಿ ನೆಂದೋಗ್ಯದೆ ಅಮ್ಮೋರೆ, ನಾಳೆ ಹತ್ತಿದ್ರೆ ಆಗಲ್ವಾ?" ಎಂದ. "ಒಂದು ಕೊಂಬೆ ಕಣೋ ಬೆಳ್ಳಿಯಪ್ಪ, ಅದಕ್ಕೂ ನಾಳೆ ಅಂತೀಯಲ್ಲ" ಎಂದೆ. ಹತ್ತಿದ. ನಾನು ಬುಡದಲ್ಲೇ ನಿಂತಿದ್ದೆ. ಮೇಲಿನಿಂದ "ಪಕ್ಕಕ್ಕೇ!" ಎಂದು ಕೂಗು ಬಂತು. ಕೊಂಬೆ ಬರುತ್ತಿದೆ ಎಂದು ಪಕ್ಕಕ್ಕೆ ಸರಿದೆ. ಬಂದದ್ದು ಕೊಂಬೆಯಲ್ಲ.

ಬಂಗಲೆಗೆ ಓಡಿಹೋದೆ. ಜನ ಸೇರಿದ ಮೇಲೆ ಎಲ್ಲರ ಜೊತೆ ಮತ್ತೆ ಬಂದೆ. ಪೊಲೀಸರು ಕೇಳಿದಾಗ, ನಾನು ಬಂಗಲೆಯಲ್ಲಿದ್ದೆ, ಅವನು ಯಾವಾಗ ಹತ್ತಿದನೋ ಗೊತ್ತಿಲ್ಲ ಎಂದೆ. ಬಾಯಿಂದ ಬಂದುಹೋಯಿತು. ಬಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯ ಬರಲಿಲ್ಲ. ಕುಡಿದು ಹತ್ತಿದ್ದ ಎಂದು ಕೆಲವರು ಅಂದರು, ಅದಕ್ಕೂ ಸುಮ್ಮನಿದ್ದೆ.

ಅವನ ಹೆಂಡತಿ ತಂಗಮ್ಮ ಇಲ್ಲೇ ನಮ್ಮ ಆಳುಗಳ ಸಾಲುಮನೆಯಲ್ಲಿ, ಲೈನ್ ಮನೆಯಲ್ಲಿದ್ದಾಳೆ. ಪ್ರತಿ ವರ್ಷ ಮರಗಸಿ ಶುರುವಾಗುವ ದಿನ, ಗಂಡಸರಿಗೆ ಹೊಸ ಹಗ್ಗ ಕೊಡುವಾಗ ಬಂದು ನಿಲ್ಲುತ್ತಾಳೆ. ಒಂದೇ ಪ್ರಶ್ನೆ: "ಅವತ್ತು ಬಂಗ್ಲೆಗೆ ಕೂಗು ಕೇಳ್ಸಿತ್ತಾ ಅಮ್ಮೋರೆ?" ಇಲ್ಲ ತಂಗಮ್ಮ ಎನ್ನುತ್ತೇನೆ. ಹೋಗುತ್ತಾಳೆ. ಪಾಪ, ಗಂಡ ಎಷ್ಟು ನರಳಿದನೋ, ಎಷ್ಟು ಹೆದರಿದನೋ ಎಂದು ಅವಳ ಕೊರಗು. ನಾನೇನು ಹೇಳಲಿ? ಬೀಳುವುದೆಂದರೆ ಏನೆಂದು ನನಗೇ ಗೊತ್ತಿಲ್ಲ.

ನಿಮ್ಮ ಲೇಖನ ನೋಡಿದಾಗ ದಾರಿ ಕಂಡಿತು. ಮೇಲೆ ಹೋಗಿ ನಾಲ್ಕು ನಿಮಿಷ ಬಿದ್ದು ಬರುತ್ತೇನೆ. ಅದು ಹೇಗಿರುತ್ತದೆಂದು ತಿಳಿದುಕೊಂಡು, ತಂಗಮ್ಮನ ಮುಂದೆ ಕೂತು, ಎಲ್ಲಾ ಹೇಳಿಬಿಡುತ್ತೇನೆ. ಹೋಗಿ ಬಂದ ಮೇಲೆ.

ಈ ಕಾಗದವನ್ನು ಸುಟ್ಟುಬಿಡಿ.

ಸಾವಿತ್ರಮ್ಮ


ಕುದುರೆಮುಖ
2 ಜುಲೈ 2005

ಸಾವಿತ್ರಮ್ಮನವರೇ,

ಸುಟ್ಟೆ. ನನ್ನ ಮೊದಲ ಕಾಗದ ನಿಮ್ಮ ಹತ್ತಿರವಿದ್ದರೆ ಅದನ್ನೂ ದಯವಿಟ್ಟು ಸುಡಿ. ಮರದಿಂದ ಬಿದ್ದವನು ಗಗನಯಾತ್ರಿ ಎಂದು ಬರೆದ ಕೈಗೆ ಹೊಡೆದುಕೊಳ್ಳಬೇಕು ಅನಿಸಿತು. ಹದಿನೇಳು ವರ್ಷ ಕ್ಲಾಸಿನಲ್ಲಿ ನಗಿಸಿದ ಮಾತು ಅದು. ಆ ಮಕ್ಕಳಲ್ಲಿ ಯಾರ ಮನೆಯಲ್ಲಿ ಯಾರು ಬಿದ್ದಿದ್ದರೋ, ಒಮ್ಮೆಯೂ ಯೋಚಿಸಲಿಲ್ಲ. ಕ್ಷಮಿಸಿ.

ನಿಮಗೆ ಬೇಕಾದ ಉತ್ತರ ನನ್ನಲ್ಲಿ ಅರ್ಧ ಮಾತ್ರ ಇದೆ. ಆ ಎರಡು ಸೆಕೆಂಡು ಬೆಳ್ಳಿಯಪ್ಪನವರ ಮೈಗೆ ಯಾವ ಭಾರವೂ ಇರಲಿಲ್ಲ. ಹೊಟ್ಟೆಯಲ್ಲಿ ಗುಳುಕ್ಕೆಂದಿರುತ್ತದೆ, ಕಿವಿಯಲ್ಲಿ ಗಾಳಿ ಇರುತ್ತದೆ. ನೋವು ಆಗ ಇರುವುದಿಲ್ಲ. ಹೆದರಿಕೆ ಇತ್ತೇ? ಅದನ್ನು ತೂಗುವ ತಕ್ಕಡಿ ನಮ್ಮ ಲ್ಯಾಬಿನಲ್ಲಿಲ್ಲ.

ಇನ್ನೊಂದು ಮಾತು. ಕೂಗಿದರು ಎಂದಿರಿ. ಇದ್ದದ್ದು ಎರಡು ಸೆಕೆಂಡು. ಅದರಲ್ಲಿ ಅವರು ಮಾಡಿದ್ದು ಅದೊಂದೇ ಕೆಲಸ. ಅದನ್ನೇ ಯೋಚಿಸುತ್ತಿದ್ದೇನೆ.

ನಾನೂ ಒಂದು ಮುಚ್ಚಿಟ್ಟಿದ್ದೆ. ಇಲ್ಲಿ ಗಣಿ ಡಿಸೆಂಬರ್ ಕೊನೆಗೆ ನಿಲ್ಲುತ್ತದೆ. ಈಗಲೇ ದಿನಾ ಒಂದೊಂದು ಮನೆಯ ಸಾಮಾನು ಲಾರಿ ಹತ್ತುತ್ತಿದೆ. ನನ್ನ ಹತ್ತನೇ ಕ್ಲಾಸಿನಲ್ಲಿ ಒಂಬತ್ತು ಜನ ಉಳಿದಿದ್ದಾರೆ. ಎಲ್ಲಾ ಸರಿಯಿದೆ ಎನ್ನುವ ಹಾಗೆ ನಿಮಗೆ ಬರೆಯುತ್ತಿದ್ದೆ.

ನಿಮ್ಮ,
ತ್ರಿಪುರಾ


ನಂದಿಹಡ್ಲು ಎಸ್ಟೇಟ್
19 ನವೆಂಬರ್ 2005

ತ್ರಿಪುರಾ,

ನಿಮ್ಮ ಊರು ಖಾಲಿಯಾಗುವ ಸುದ್ದಿ ಓದಿ ಸಂಕಟವಾಯಿತು. ಎಲ್ಲೂ ದಾರಿ ಕಾಣದಿದ್ದರೆ ಇಲ್ಲಿಗೆ ಬನ್ನಿ. ಬಂಗಲೆಯಲ್ಲಿ ನಾಲ್ಕು ಕೋಣೆಗೆ ಬೀಗ ಹಾಕಿದ್ದೇನೆ. ಇದು ಬಾಯಿಮಾತಿನ ಕರೆಯಲ್ಲ.

ನನ್ನ ಸುದ್ದಿ ಒಳ್ಳೆಯದು. ಕಂಪನಿಯಿಂದ ಕಾಗದ ಬಂತು, ಪಟ್ಟಿಯಲ್ಲಿ ನನ್ನ ಹೆಸರಿದೆ! ಚಿಕ್ಕಮಗಳೂರಿನ ಡಾಕ್ಟರು ಎದೆ ನೋಡಿ, "ಇಪ್ಪತ್ತು ವರ್ಷ ಚಿಕ್ಕೋರ ಹಾರ್ಟು ಇದು, ಎಲ್ಲಿಗೆ ಹೊರಟ್ರಿ?" ಎಂದರು. ಕಾಶಿಗೆ ಎಂದೆ. 2007ಕ್ಕೆ ಹಾರಾಟವಂತೆ. ಇನ್ನೆರಡೇ ಮರಗಸಿ.

ಮುಂದಿನ ಮರಗಸಿಗೂ ತಂಗಮ್ಮ ಬಂದು ಕೇಳುತ್ತಾಳೆ. ಇಲ್ಲ ಎನ್ನುತ್ತೇನೆ. ಆದರೆ ಆ ಸಲ ಅಷ್ಟು ಕಷ್ಟವಾಗಲಿಕ್ಕಿಲ್ಲ, ದಿನ ಗೊತ್ತಾಗಿದೆಯಲ್ಲ.

ಸಾವಿತ್ರಮ್ಮ


ಕುದುರೆಮುಖ
26 ಫೆಬ್ರವರಿ 2006

ಪ್ರೀತಿಯ ಸಾವಿತ್ರಮ್ಮ,

ಇವತ್ತು ಲ್ಯಾಬ್ ಖಾಲಿ ಮಾಡಿದೆ. ಲೋಲಕ, ಮಸೂರ, ತೂಕದ ಬಟ್ಟು ಎಲ್ಲವನ್ನೂ ಪಟ್ಟಿ ಬರೆದು ಪೆಟ್ಟಿಗೆಗೆ ಹಾಕಿದೆ. ಪಕ್ಕದ ಬೀದಿಯ ಅಷ್ಟೂ ಮನೆಗಳಲ್ಲಿ ಯಾರೂ ಇಲ್ಲ. ಒಂದು ಮನೆಯ ಅಂಗಳದಲ್ಲಿ ಯಾರೋ ಬಿಟ್ಟುಹೋದ ದಾಸವಾಳ ಹೂ ಬಿಟ್ಟಿದೆ. ಮುಂದಿನ ವಾರ ನಾನೂ ಸಂಸೆಗೆ, ಅಣ್ಣ ಯಶವಂತನ ಮನೆಗೆ ಹೊರಡುತ್ತೇನೆ. ನಿಮ್ಮ ಕರೆ ಮರೆತಿಲ್ಲ.

ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇ ಹೊರಡುತ್ತೇನೆ. ಆ ಕಂಪನಿಗೆ ನಾನೂ ಹೆಸರು ಕಳಿಸಿದ್ದೆ, ನಿಮಗಿಂತ ಮೊದಲೇ. ಉತ್ತರವೇ ಬರಲಿಲ್ಲ. ನಿಮ್ಮ ಹೆಸರು ಪಟ್ಟಿಯಲ್ಲಿದೆ ಎಂದು ಓದಿದಾಗ ಎರಡು ದಿನ ಊಟ ರುಚಿಸಲಿಲ್ಲ. ಆದ್ದರಿಂದ ಮುಂದಿನ ಮಾತನ್ನು ಹೊಟ್ಟೆಕಿಚ್ಚಿನ ಮಾತು ಎಂದು ನೀವು ಅಂದುಕೊಂಡರೂ ಅಂದುಕೊಳ್ಳಬಹುದು.

ಅಲ್ಲಿಯ ನಾಲ್ಕು ನಿಮಿಷಕ್ಕೂ ಇಲ್ಲಿಯ ಎರಡು ಸೆಕೆಂಡಿಗೂ ಭೌತಶಾಸ್ತ್ರದಲ್ಲಿ ಏನೂ ವ್ಯತ್ಯಾಸವಿಲ್ಲ. ನೀವು ಮೇಲೆ ಹೋಗಿ ತಿಳಿಯಬೇಕಾದ್ದು ಏನೂ ಉಳಿದಿಲ್ಲ. ತಕ್ಕಡಿಯ ಮುಳ್ಳು ಆಗಲೇ ಹೇಳಿದೆ. ಪತ್ರಿಕೆಗಳನ್ನು ಓದುತ್ತಿದ್ದೇನೆ, ಆ ಹಾರಾಟ 2007ಕ್ಕೂ ಆಗುವ ಲಕ್ಷಣವಿಲ್ಲ, 2008ಕ್ಕೂ ಇಲ್ಲ. ನೀವು ಹೋಗಬೇಕಾದ್ದು ನೂರು ಕಿಲೋಮೀಟರ್ ಮೇಲಕ್ಕಲ್ಲ ಸಾವಿತ್ರಮ್ಮ. ಬಂಗಲೆಯಿಂದ ಲೈನ್ ಮನೆಗೆ. ಎಷ್ಟು ದೂರ ಅದು? ಇನ್ನೂರು ಗಜ?

ತ್ರಿಪುರಾ


ನಂದಿಹಡ್ಲು ಎಸ್ಟೇಟ್
5 ಮಾರ್ಚ್ 2006

ಶ್ರೀಮತಿ ತ್ರಿಪುರಸುಂದರಿಯವರಿಗೆ,

ನಾನು ಪಾಠ ಕೇಳಿದ್ದೆ. ಬುದ್ಧಿವಾದ ಕೇಳಿರಲಿಲ್ಲ. ತೋಟದ ವಿಷಯ ತೋಟದವರಿಗೆ ಬಿಡಿ.

ನೂರೆಂಬತ್ತು ಗಜ.

ಸಾವಿತ್ರಮ್ಮ


ಸಂಸೆ
14 ಜನವರಿ 2007

ಸಾವಿತ್ರಮ್ಮನವರಿಗೆ,

ಹಬ್ಬದ ನಮಸ್ಕಾರ. ನಾಲ್ಕು ಕಾಗದ ಬರೆದೆ, ನಾಲ್ಕನ್ನೂ ಅಂಚೆಗೆ ಹಾಕಲಿಲ್ಲ. ಇದು ಐದನೆಯದು.

ಕಳಸದ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿದೆ. ದಿನಾ ಅದೇ ಉಬ್ಬು ಮೋರಿಯ ಮೇಲೆ ಜೀಪಿನಲ್ಲಿ ಹೋಗಿಬರುತ್ತೇನೆ. ಮರದಿಂದ ಬಿದ್ದವನ ಉದಾಹರಣೆಯನ್ನು ಬಿಟ್ಟಿದ್ದೇನೆ. ಈಗ ತಕ್ಕಡಿ ಬೀಳಿಸಿ ತೋರಿಸುತ್ತೇನೆ.

ಹೋದ ವರ್ಷ ನಿಮಗೆ ಬರೆದದ್ದು ಸುಳ್ಳಲ್ಲ. ಆದರೆ ಅದನ್ನು ಬೋರ್ಡಿನ ಮೇಲೆ ಲೆಕ್ಕ ಬಿಡಿಸಿದ ಹಾಗೆ ಬರೆದೆ, ಅದು ತಪ್ಪು. ನೂರೆಂಬತ್ತು ಗಜವನ್ನು ನಾನು ನಡೆಯಬೇಕಾಗಿಲ್ಲ, ನೀವು ನಡೆಯಬೇಕು. ನೀವು ಹೇಳಿದರೂ ಹೇಳದಿದ್ದರೂ ನಿಮ್ಮ ಕಾಗದಕ್ಕೆ ಕಾಯುವವಳು ನಾನು.

ತ್ರಿಪುರಾ


ನಂದಿಹಡ್ಲು ಎಸ್ಟೇಟ್
3 ಜೂನ್ 2007

ಪ್ರೀತಿಯ ತ್ರಿಪುರಾ,

ಕೋಪ ಯಾವಾಗಲೋ ಇಳಿದಿತ್ತು. ನಾಚಿಕೆಗೆ ಬರೆದಿರಲಿಲ್ಲ. ಈಗ ಬರೆಯಲು ವಿಷಯವಿದೆ, ನಿಧಾನಕ್ಕೆ ಓದಿ.

ಏಪ್ರಿಲ್‌ನಲ್ಲಿ ಕಂಪನಿಯ ಕಾಗದ ಬಂತು. ನೀವು ಹೇಳಿದ ಹಾಗೇ ಆಗಿತ್ತು: ಹಾರಾಟ ಮುಂದಕ್ಕೆ ಹೋಗಿದೆ, 2009 ಇರಬಹುದು, ಆಮೇಲೂ ಇರಬಹುದು. ಓದಿ ಮೊದಲು ನನಗೆ ಏನನಿಸಿತು ಗೊತ್ತೇ? ನೆಮ್ಮದಿ. ಇನ್ನೂ ಎರಡು ವರ್ಷ ತಂಗಮ್ಮನಿಗೆ ಹೇಳಬೇಕಾಗಿಲ್ಲ ಎಂದು. ಆಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ನಾನು ಬೀಳುವುದನ್ನು ತಿಳಿಯಲು ಹೊರಟವಳಲ್ಲ ತ್ರಿಪುರಾ, ದಿನ ತಳ್ಳಲು ಹೊರಟವಳು.

ಮೇ ಎರಡನೇ ವಾರ ಮರಗಸಿ. ಹಗ್ಗ ಕೊಡುವ ದಿನ ಅವಳು ಬರುವ ಮುಂಚೆ ನಾನೇ ಲೈನ್ ಮನೆಗೆ ಹೋದೆ. ದಾರಿಯಲ್ಲಿ ಎರಡು ಸಲ ನಿಂತೆ, ಮಂಡಿಯ ನೆಪ. ತಂಗಮ್ಮ ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ನೋಡಿ ಗಾಬರಿಯಿಂದ ಎದ್ದಳು. ಕೂರು ಎಂದೆ. ನಾನೂ ಜಗಲಿಯ ಮೇಲೆ ಕೂತೆ.

"ಕೂಗು ಕೇಳಿತ್ತು ತಂಗಮ್ಮ. ಬಂಗ್ಲೇಲಿ ಅಲ್ಲ. ನಾನು ಮರದ ಬುಡದಲ್ಲೇ ಇದ್ದೆ. ಬೇಡ ಅಂದೋನನ್ನ ನಾನೇ ಹತ್ಸಿದ್ದು" ಎಂದೆ. ಅವಳು ತಲೆ ತಗ್ಗಿಸಿ ಅಕ್ಕಿ ಆರಿಸುತ್ತಲೇ ಇದ್ದಳು. ನನಗೆ ಗಾಬರಿಯಾಗಿ ನಿಮ್ಮ ಪಾಠ ಒಪ್ಪಿಸತೊಡಗಿದೆ: ಬೀಳುವಾಗ ಅವನಿಗೆ ಭಾರ ಇರಲಿಲ್ಲ, ನೋವು ಇರಲಿಲ್ಲ, ಎರಡೇ ಸೆಕೆಂಡು, ತಕ್ಕಡಿಯಲ್ಲಿ ನೋಡಿದ್ದೇನೆ. ಅವಳು ಮೊರ ಕೆಳಗಿಟ್ಟಳು.

"ಭಾರದ ಮಾತು ಬಿಡಿ ಅಮ್ಮೋರೆ. ಏನಂತ ಕೂಗಿದ್ರು?"

"ಪಕ್ಕಕ್ಕೆ ಅಂತ."

"ಸರಿಯಾಗಿ ಹೇಳಿ."

"ಪಕ್ಕಕ್ಕೇ ಅಂತ. ಯಾವಾಗ್ಲೂ ಕೂಗೋ ಹಂಗೇ. ನಾನು ಸರಿದೆ. ಅದಕ್ಕೇ ಬದುಕಿದೀನಿ."

ತಂಗಮ್ಮ ಗೋಡೆಗೆ ಒರಗಿ ಕೂತುಬಿಟ್ಟಳು. ಹನ್ನೊಂದು ವರ್ಷದಲ್ಲಿ ನಾನು ನೋಡದ ಅಳು ಅತ್ತಳು. ಆಮೇಲೆ ಹೇಳಿದಳು, "ಬೆಳ್ಳಿಯಪ್ಪ ಕೂಗದೇ ಬಿದ್ದ ಅಂತ ಊರೆಲ್ಲ ಆಡ್ಕೊಂಡ್ರು ಅಮ್ಮೋರೆ. ಕುಡ್ದಿದ್ದ ಅಂದ್ರು. ಬೇಕೂಂತಲೇ ಕೈ ಬಿಟ್ಟ, ಹೆಂಡ್ತಿ ಕಾಟಕ್ಕೆ ಅಂತ ನನ್ ಎದುರಿಗೇ ಅಂದ್ರು. ಕುಡ್ದೋನು ಕೂಗ್ತಾನಾ? ಸಾಯಕ್ಕೆ ಹೊರ್ಟೋನು ಕೂಗ್ತಾನಾ?"

ನಾನು ಎಂಥ ದಡ್ಡಿ ನೋಡಿ. ಅವಳು ವರ್ಷವರ್ಷವೂ ಕೇಳಿದ್ದು ಗಂಡ ಹೆದರಿದನೇ, ನರಳಿದನೇ ಎಂದಲ್ಲ. ಕೆಲಸ ಬಲ್ಲವನ ಹಾಗೆ ಸತ್ತನೇ ಎಂದು. ಆ ಉತ್ತರ ನನ್ನ ಕಿವಿಯಲ್ಲೇ ಇತ್ತು. ಬೇರೆ ಯಾರ ಕಿವಿಯಲ್ಲೂ ಇರಲಿಲ್ಲ. ಅದನ್ನು ಹುಡುಕಿಕೊಂಡು ನಾನು ನೂರು ಕಿಲೋಮೀಟರ್ ಮೇಲಕ್ಕೆ ಹೊರಟಿದ್ದೆ.

ಕಣ್ಣೊರೆಸಿಕೊಂಡು ಕೇಳಿದಳು: "ಇದನ್ನ ಒಳಗಿಟ್ಕೊಂಡು ನೀವು ಹೆಂಗೆ ಉಂಡ್ರಿ ಅಮ್ಮೋರೆ?" ಕ್ಷಮಿಸು ಎಂದೆ. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. "ಎಲ್ರ ಮುಂದೆ ಹೇಳಿ" ಎಂದಳು.

ಹೇಳಿದೆ. ಅದೇ ದಿನ, ರುದ್ರಪ್ಪ ಹಗ್ಗದ ಸುರುಳಿ ಹಂಚುವ ಮುಂಚೆ, ಹದಿನಾಲ್ಕು ಜನ ಮರಗಸಿಯವರ ಎದುರಿಗೆ. ನಾನು ಬುಡದಲ್ಲಿದ್ದೆ, ನಾನೇ ಹತ್ತಿಸಿದೆ, ಅವನು ಕೂಗಿದ, ನಾನು ಸುಳ್ಳು ಹೇಳಿದೆ ಎಂದೆ. ಆಮೇಲೆ ಅವರಲ್ಲಿ ಹಿರಿಯನೊಬ್ಬ ತಲೆಯ ವಸ್ತ್ರ ತೆಗೆದು, "ನಂಗೊತ್ತಿತ್ತು, ಬೆಳ್ಳಿಯಪ್ಪ ಕೂಗದೇ ಇರಲ್ಲ ಅಂತ" ಎಂದ. ಇಬ್ಬರು ಹಗ್ಗ ಮುಟ್ಟದೆ ಬೇರೆ ತೋಟಕ್ಕೆ ಹೊರಟುಹೋದರು, ಅದೂ ಸರಿಯೇ. ಪೊಲೀಸ್ ಸ್ಟೇಷನ್ನಿಗೂ ಹೋಗಿ ಬರೆದುಕೊಟ್ಟು ಬಂದೆ. ಮುಂದೆ ಏನಾಗುತ್ತದೋ ಆಗಲಿ.

ಮೂರು ವಾರ ತಂಗಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಿನ್ನೆ ಬಂಗಲೆಯ ಹಿಂದಿನ ಬಾಗಿಲಿಗೆ ಬಂದು ನಿಂತಳು. ಲೈನ್ ಮನೆಗೆಲ್ಲ ನನ್ನ ಹುಚ್ಚಿನ ಸುದ್ದಿ ಮುಟ್ಟಿಸಿದವನು ರುದ್ರಪ್ಪನೇ ಇರಬೇಕು. "ಅಮ್ಮೋರು ರಾಕೆಟ್ ಹತ್ತಕ್ಕೆ ಹೆಸ್ರು ಕೊಟ್ಟವ್ರಂತೆ, ಹೌದಾ?" ಎಂದು ಕೇಳಿದಳು. ಹೌದು ಎಂದೆ. ಮೊದಲು ಬೇರೆ ಕಾರಣವಿತ್ತು, ಅದು ತೀರಿತು. ಆದರೂ ಹೆಸರು ತೆಗೆಸಿಲ್ಲ ತ್ರಿಪುರಾ. ಈಗ ಸುಮ್ಮನೆ ನೋಡುವ ಆಸೆ. ನಿಮ್ಮ ಹೆಸರನ್ನೂ ಮತ್ತೆ ಕಳಿಸಲು ದರ್ಶನ್‌ಗೆ ಹೇಳಿದ್ದೇನೆ, ಈ ಸಲ ಅವನು ನಗಲಿಲ್ಲ. ಅಷ್ಟರೊಳಗೆ ಒಮ್ಮೆ ನಿಮ್ಮ ಉಬ್ಬು ಮೋರಿ ತೋರಿಸಿ, ಜೀಪು ನಾನೇ ಓಡಿಸುತ್ತೇನೆ.

"ಮೇಲೆ ಹೋಗಿ ಏನ್ ಮಾಡ್ತೀರಿ?" ಎಂದಳು.

"ಏನಿಲ್ಲ, ಬೀಳೋದು."

"ಅದೂ ಬೀಳೋದೇನಾ?"

"ಅದೂ ಬೀಳೋದೇ ಕಣೆ."

ತಂಗಮ್ಮನ ತುಟಿಯ ಕೊನೆ ಒಂದಿಷ್ಟು ಅಲುಗಿತು.

"ಹಂಗಾದ್ರೆ ಬರುವಾಗ ಕೂಗಿ ಅಮ್ಮೋರೆ. ನಾವು ಪಕ್ಕಕ್ಕೆ ನಿಲ್ತೀವಿ" ಎಂದಳು.

ನಿಮ್ಮ,
ಸಾವಿತ್ರಮ್ಮ